ಗ್ರಾಮಿನೆಯೋ ಪೋಯೇಸಿಯೋ? ಪಂಚಾಯತಿನ ಪಟ್ಟಿಗೆ ಯಾವುದು ಬರೆಯಲಿ

ಪದವಿನಂಚು · ಭಾನುವಾರ ಬೆಳಗ್ಗೆ 7.40

ನಮ್ಮ ಪಂಚಾಯತಿನ ಜೀವವೈವಿಧ್ಯ ದಾಖಲೆಯನ್ನು ಹೊಸದಾಗಿ ಬರೆಯುವ ಕೆಲಸ ಶುರುವಾಗಿದೆ. ಮರ, ಮದ್ದಿನ ಗಿಡ, ಚಿಟ್ಟೆ, ಹಕ್ಕಿ ಅಂದಾಗ ಕೈ ಎತ್ತುವವರಿದ್ದರು. ಹುಲ್ಲು ಅಂದಾಗ ಎಲ್ಲರೂ ಫೋನು ನೋಡತೊಡಗಿದರು. ಹಾಗಾಗಿ ಅದು ನನ್ನ ಪಾಲಿಗೆ ಬಂತು.

ಕಾಸರಗೋಡಿನ ಬದಿಯಡ್ಕದ ಈಚೆ, ನಮ್ಮ ಮನೆಯ ಹಿಂದಿನ ಪದವಿನಿಂದ (ಗುಡ್ಡೆ ಮೇಲಿನ ಬಯಲು) ಹಿಡಿದು ಕೆಳಗಿನ ಗದ್ದೆಯವರೆಗೆ ಎರಡು ವಾರ ಅಲೆದು ಹದಿನಾಲ್ಕು ಬಗೆ ತಂದಿದ್ದೇನೆ. ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಅಮ್ಮನ ಅರೆಯುವ ಕಲ್ಲು ಹೇರಿ ಒಣಗಿಸಿದ್ದೂ ಆಯಿತು. ಈಗ ಫಾರ್ಮು ತುಂಬಿಸಲಿಕ್ಕೆ ಕೂತರೆ ಮೊದಲನೇ ಕಾಲಮ್ಮಿನಲ್ಲೇ ಸಿಕ್ಕಿಬಿದ್ದೆ. 'ಕುಟುಂಬ' ಅಂತ ಉಂಟು. ಹುಲ್ಲಿನ ಕುಟುಂಬಕ್ಕೆ ನಾನು ಶಾಲೆಯಲ್ಲಿ ಕಲಿತದ್ದು ಗ್ರಾಮಿನೆ. ಫೋನಿನ ಆಪ್ ಹೇಳುವುದು ಪೋಯೇಸಿ. ದಾಖಲೆಯ ಹಳೇ ಪ್ರತಿಯಲ್ಲಿ ಒಂದೇ ಪುಟದಲ್ಲಿ ಎರಡೂ ಉಂಟು, ಗರಿಕೆ ಒಂದು ಕುಟುಂಬ, ಲಾವಂಚ ಇನ್ನೊಂದು ಕುಟುಂಬ ಎಂಬ ಹಾಗೆ. ಲಾವಂಚಕ್ಕೇ ಎರಡು ಸಸ್ಯನಾಮ ಸಿಕ್ಕಿತು, ವೆಟಿವೇರಿಯಾ ಮತ್ತು ಕ್ರೈಸೋಪೋಗನ್. ಮಾಡಿಗೆ, ಅಂದರೆ ಮನೆಯ ಸೂರಿಗೆ, ಹೊದಿಸುವ ಮುಳಿಹುಲ್ಲಿಗಂತೂ ಕೇಳಿದವರಷ್ಟು ಉತ್ತರ. ಗೊತ್ತಿರುವವರು ದಾರಿ ತೋರಿಸಿ.

ಹೊಸಂಗಡಿ ಲೋಕಲ್ · ಬೆಳಗ್ಗೆ 7.52

ಹುಲ್ಲಿಗೂ ಎರಡೆರಡು ರೇಷನ್ ಕಾರ್ಡು ಉಂಟಾ ಮಾರಾಯ್ರೆ? ನಮ್ಮದು ಒಂದನ್ನೇ ಸರಿ ಮಾಡಿಸಲಿಕ್ಕೆ ಆರು ತಿಂಗಳಾಯಿತು.

ನಿವೃತ್ತ ಮಾಸ್ಟ್ರು · ಬೆಳಗ್ಗೆ 8.30

ಎರಡೂ ಸರಿ. ಮಾಸ್ಟ್ರು ಜಾರಿಕೊಂಡರು ಅಂತ ತಿಳಿಯಬೇಡಿ, ಗಿಡಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯಲ್ಲೇ ಹಾಗೆ ಉಂಟು.

ಸಸ್ಯಕುಟುಂಬಕ್ಕೆ ಹೆಸರಿಡುವ ಕ್ರಮ ಏನೆಂದರೆ, ಒಂದು ಕುಲವನ್ನು (ಹತ್ತಿರದ ಪ್ರಭೇದಗಳ ಗುಂಪನ್ನು) ಮಾದರಿ ಅಂತ ಹಿಡಿಯುವುದು, ಅದರ ಹೆಸರಿಗೆ 'ಏಸಿ' ಎಂಬ ಬಾಲ ಕಟ್ಟುವುದು. ಪೋವಾ ಎಂಬ ಕುಲದಿಂದ ಪೋಯೇಸಿ. ಪೋವಾ ಅಂದರೆ ಗ್ರೀಕ್ ಭಾಷೆಯಲ್ಲಿ ಮೇವು, ಹುಲ್ಲು. ಈ ಹೆಸರಿಟ್ಟದ್ದು ಅಮೆರಿಕದ ಬಾರ್ನ್‌ಹಾರ್ಟ್, 1895ರಲ್ಲಿ. ಗ್ರಾಮಿನೆ ಅದಕ್ಕಿಂತ ನೂರು ವರ್ಷ ಹಳತು. 1789ರಲ್ಲಿ ಪ್ಯಾರಿಸಿನ ಜುಸ್ಯೂ ಪ್ರಕಟಿಸಿದ್ದು. ಲ್ಯಾಟಿನಿನಲ್ಲಿ ಗ್ರಾಮೆನ್ ಅಂದರೂ ಹುಲ್ಲೇ. ಆದರೆ ಅದಕ್ಕೆ ಕುಲದ ಆಧಾರ ಇಲ್ಲ, ಬಾಲವೂ ಇಲ್ಲ. ನಿಯಮದ ಪ್ರಕಾರ ಬಿದ್ದುಹೋಗಬೇಕಿತ್ತು. ಬಳಕೆ ಅಷ್ಟು ಗಟ್ಟಿಯಾಗಿದ್ದರಿಂದ ಉಳಿಸಿಕೊಂಡರು.

ಹೀಗೆ ವಿನಾಯಿತಿ ಸಿಕ್ಕಿದ ಕುಟುಂಬಗಳು ಜಗತ್ತಿನಲ್ಲಿ ಎಂಟೇ. ಎಂಟನ್ನೂ ನೋಡಲಿಕ್ಕೆ ಕಾಡಿಗೆ ಹೋಗಬೇಕಾಗಿಲ್ಲ, ಅಡಿಗೆಮನೆಯ ಹಿಂದಿನ ಬಾಗಿಲು ತೆಗೆದರೆ ಸಾಕು. ತೆಂಗು, ಅಡಿಕೆ: ಪಾಮೆ ಅಥವಾ ಅರೆಕೇಸಿ. ಅಲಸಂಡೆ: ಲೆಗ್ಯುಮಿನೋಸೆ ಅಥವಾ ಫಾಬೇಸಿ. ತುಳಸಿ: ಲೇಬಿಯೇಟೆ ಅಥವಾ ಲಾಮಿಯೇಸಿ. ಪುನರ್ಪುಳಿ: ಗುಟ್ಟಿಫೆರೆ ಅಥವಾ ಕ್ಲೂಸಿಯೇಸಿ. ಸೇವಂತಿಗೆ: ಕಾಂಪೋಸಿಟೆ ಅಥವಾ ಆಸ್ಟರೇಸಿ. ಒಳಗೆ ಬಂದರೆ ಸಾಸಿವೆ ಡಬ್ಬಿ: ಕ್ರೂಸಿಫೆರೆ ಅಥವಾ ಬ್ರಾಸಿಕೇಸಿ. ಪಕ್ಕದಲ್ಲಿ ಕೊತ್ತಂಬರಿ: ಅಂಬೆಲ್ಲಿಫೆರೆ ಅಥವಾ ಏಪಿಯೇಸಿ. ಎಂಟನೆಯದು ಅನ್ನದ ಪಾತ್ರೆಯಲ್ಲಿ ಉಂಟು, ನಮ್ಮ ಹುಲ್ಲು.

ಹಳೇ ಹೆಸರುಗಳೆಲ್ಲ ಕಣ್ಣಿಗೆ ಕಂಡದ್ದನ್ನು ಹೇಳುತ್ತಿದ್ದವು. ಸಾಸಿವೆ ಹೂವಿನ ನಾಲ್ಕು ಎಸಳು ಶಿಲುಬೆಯ ಹಾಗೆ, ಕೊತ್ತಂಬರಿ ಹೂಗೊಂಚಲು ಕೊಡೆಯ ಹಾಗೆ, ತುಳಸಿ ಹೂವಿಗೆ ತುಟಿ. ಪಾಠ ಮಾಡುವವನಿಗೆ ಆ ಹೆಸರುಗಳೇ ಸುಲಭ. ಹೊಸತರಲ್ಲಿ ಆ ರುಚಿ ಇಲ್ಲ ಅಂತ ನನ್ನ ಹಠ. ಆದರೆ ನೀವು ಪೋಯೇಸಿ ಅಂತಲೇ ಬರೆಯಿರಿ, ಇಂದಿನ ಪಟ್ಟಿಗಳೆಲ್ಲ ಅದನ್ನೇ ಬಳಸುತ್ತವೆ. ಒಂದು ಪುಸ್ತಕದಲ್ಲಿ ಒಂದೇ ಹೆಸರು ಇದ್ದರೆ ಆಯಿತು.

ಕುಂಬಳೆ ಹೊಳೆ · ಬೆಳಗ್ಗೆ 9.05

ಮಾಸ್ಟ್ರೇ, ಒಂದು ಸಂಶಯ. ಸಸ್ಯಶಾಸ್ತ್ರದಲ್ಲಿ ಮೊದಲು ಅಚ್ಚಾದ ಹೆಸರಿಗೇ ಹಕ್ಕು ಅಂತ ಕೇಳಿದ್ದೇನೆ. 1789 ಮೊದಲೋ 1895 ಮೊದಲೋ? ನಮ್ಮ ಊರಿನ ಬೋರ್ಡುಗಳಲ್ಲಿ ಮಂಜೇಶ್ವರಕ್ಕೆ ಮಲಯಾಳದ ರೀತಿ 'ಮ್' ಸೇರಿಸಿದಾಗ ನಾವು ಹೇಳುವುದೂ ಅದೇ ನ್ಯಾಯ, ಹಳತೇ ಸರಿ ಅಂತ. ಹುಲ್ಲಿನ ವಿಷಯದಲ್ಲಿ ಅದು ಯಾಕೆ ತಪ್ಪಿತು?

ನಿವೃತ್ತ ಮಾಸ್ಟ್ರು · ಬೆಳಗ್ಗೆ 9.20

ತಪ್ಪಲಿಲ್ಲ. ಎರಡನ್ನೂ ಒಟ್ಟಿಗೆ ಕಾಯ್ದಿಟ್ಟಿದ್ದಾರೆ, ಒಂದು ಇನ್ನೊಂದನ್ನು ಹೊರಗೆ ಹಾಕುವ ಹಾಗಿಲ್ಲ. ಆದ್ಯತೆಯ ಗಡಿಯಾರ ಶುರುವಾಗುವ ತಾರೀಕೂ ಉಂಟು. ಪ್ರಭೇದದ ಹೆಸರಿಗೆ 1753ರ ಮೇ 1, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ಸನ ಗ್ರಂಥದ ಲೆಕ್ಕ. ಹೂ ಬಿಡುವ ಗಿಡಗಳ ಕುಟುಂಬದ ಹೆಸರಿಗೆ 1789ರ ಆಗಸ್ಟ್ 4, ಜುಸ್ಯೂನ ಗ್ರಂಥದ ಲೆಕ್ಕ. ಅದಕ್ಕಿಂತ ಹಿಂದಿನ ಹೆಸರು ಎಷ್ಟೇ ಚೆಂದ ಇದ್ದರೂ ಲೆಕ್ಕಕ್ಕಿಲ್ಲ.

ಬೋರ್ಡಿನ ವಿಷಯ ಬೇರೆಯೇ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಬೇಡ.

ಹಟ್ಟಿಬಾಗಿಲು · ಬೆಳಗ್ಗೆ 10.15

ನನಗೆ ಕುಟುಂಬ ಗಿಟುಂಬ ಬೇಡ, ಒಂದು ನ್ಯಾಯ ಬೇಕು. ನನ್ನ ಹಟ್ಟಿಯಲ್ಲಿ ಎರಡು ಮಿಶ್ರತಳಿ, ಒಂದು ಕಾಸರಗೋಡು ಗಿಡ್ಡ. ಮೂರು ವರ್ಷದ ಹಿಂದೆ ನೇಪಿಯರ್ ಹುಲ್ಲಿನ ತುಂಡು ತಂದು ನೆಟ್ಟೆ. ಕಟ್ಟಿನ ಚೀಟಿಯಲ್ಲಿ 'ಪೆನ್ನಿಸೇಟಮ್ ಪರ್ಪ್ಯೂರಿಯಂ' ಅಂತ ಬರೆದಿತ್ತು. ಹೋದ ವರ್ಷ ಬೇರೆ ಕಡೆಯಿಂದ ತರಿಸಿದೆ. ಅದರಲ್ಲಿ 'ಸೆಂಕ್ರಸ್ ಪರ್ಪ್ಯೂರಿಯಸ್' ಅಂತ ಇತ್ತು. ಕೇಳಿದ್ದಕ್ಕೆ "ಅಕ್ಕಾ, ಇದು ಹೊಸ ಜಾತಿ, ಹಾಲು ಜಾಸ್ತಿ" ಅಂದರು. ತುಂಡಿಗೆ ಒಂದೂವರೆ ಪಟ್ಟು ದುಡ್ಡು ಕೊಟ್ಟೆ. ಈಗ ಎರಡೂ ಅಕ್ಕಪಕ್ಕ ಬೆಳೆದು ನಿಂತಿವೆ. ನನಗೆ ವ್ಯತ್ಯಾಸ ಕಾಣುವುದಿಲ್ಲ, ದನಗಳಿಗೂ ಕಾಣುವುದಿಲ್ಲ. ಅಂಗಡಿ ಹೆಸರು ಹೇಳುವುದಿಲ್ಲ, ನಾಳೆ ಹಿಂಡಿಗೆ ಅಲ್ಲಿಗೇ ಹೋಗಬೇಕು.

ಬೋವಿಕ್ಕಾನದ ಹುಡುಗಿ · ಬೆಳಗ್ಗೆ 11.00

ಅಕ್ಕಾ, ನಾನು ಬೆಂಗಳೂರಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ, ಹುಲ್ಲೇ ನನ್ನ ವಿಷಯ. ನಿಮಗೆ ಹೇಳಲು ಬೇಸರ, ಎರಡು ಚೀಟಿಯಲ್ಲೂ ಇರುವುದು ಒಂದೇ ಗಿಡದ ಹೆಸರು.

ಪೆನ್ನಿಸೇಟಮ್ ಮತ್ತು ಸೆಂಕ್ರಸ್ ಎರಡು ಬೇರೆ ಕುಲ ಅಂತ ತುಂಬಾ ಕಾಲ ಇಟ್ಟಿದ್ದರು. ಎರಡರಲ್ಲೂ ತೆನೆಯ ಕಾಳಿನ ಸುತ್ತ ಬಿರುಗೂದಲು ಇರುತ್ತದೆ. ಕೂದಲುಗಳು ಬುಡದಲ್ಲಿ ಕೂಡಿ ಮುಳ್ಳಿನ ಬಟ್ಟಲಿನಂತಾದರೆ ಸೆಂಕ್ರಸ್, ಬಿಡಿಬಿಡಿಯಾಗಿದ್ದರೆ ಪೆನ್ನಿಸೇಟಮ್ ಅನ್ನುವುದು ಲೆಕ್ಕ. ಡಿಎನ್‌ಎ ನೋಡಿದಾಗ ಆ ಗೆರೆ ನಿಲ್ಲಲಿಲ್ಲ, ಒಂದರೊಳಗೆ ಇನ್ನೊಂದು ಹೆಣೆದುಕೊಂಡಿತ್ತು. 2010ರಲ್ಲಿ ಅರ್ಜೆಂಟೀನಾದ ಮೊರ್ರೋನೆ ಮತ್ತು ಜೊತೆಯವರು ಎಲ್ಲವನ್ನೂ ಸೆಂಕ್ರಸ್ಸಿಗೆ ಸೇರಿಸಿದರು, ಆ ಹೆಸರು ಹಳತು ಎಂಬ ಕಾರಣಕ್ಕೆ. ನಮ್ಮ ಸಜ್ಜೆಯೂ ಹೀಗೇ ಪೆನ್ನಿಸೇಟಮ್ ಗ್ಲಾಕಮ್ ಇದ್ದದ್ದು ಸೆಂಕ್ರಸ್ ಅಮೆರಿಕಾನಸ್ ಆಯಿತು. ಆಫ್ರಿಕದ ಬೆಳೆಗೆ ಅಮೆರಿಕದ ಹೆಸರು! ಕೃಷಿಯವರು ಅನೇಕರು ಇನ್ನೂ ಹಳೇ ಹೆಸರನ್ನೇ ಬಿಟ್ಟಿಲ್ಲ. ಹಾಗಾಗಿ ಎರಡು ಚೀಟಿ.

ಕೊನೆಯ 'ಅಂ' ಹೋಗಿ 'ಅಸ್' ಬಂದದ್ದು ಅಚ್ಚಿನ ತಪ್ಪಲ್ಲ, ಲಿಂಗ ಬದಲಾದದ್ದು. ಲ್ಯಾಟಿನ್ ವ್ಯಾಕರಣದಲ್ಲಿ ಪೆನ್ನಿಸೇಟಮ್ ನಪುಂಸಕ, ಸೆಂಕ್ರಸ್ ಪುಲ್ಲಿಂಗ. ವಿಶೇಷಣ ಅದರ ಹಿಂದೆ ಹೋಗಬೇಕು. ನಾವು 'ದೊಡ್ಡದು' ಅನ್ನುವುದನ್ನು ಆಳು ಬಂದರೆ 'ದೊಡ್ಡವ' ಅನ್ನುವುದಿಲ್ಲವಾ, ಅಷ್ಟೇ. ಗಿನಿ ಹುಲ್ಲೂ ಹೀಗೇ: ಪ್ಯಾನಿಕಮ್ ಮ್ಯಾಕ್ಸಿಮಮ್ ಹೋಗಿ ಮೆಗಾಥೈರ್ಸಸ್ ಮ್ಯಾಕ್ಸಿಮಸ್.

ಹಟ್ಟಿಬಾಗಿಲು · ಬೆಳಗ್ಗೆ 11.08

ಅಂದರೆ ನಾನು ಜಾಸ್ತಿ ದುಡ್ಡು ಕೊಟ್ಟದ್ದು 'ಅಸ್'ಗೆ.

ಹೊಸಂಗಡಿ ಲೋಕಲ್ · ಬೆಳಗ್ಗೆ 11.10

ಅಕ್ಕನ ಈ ಮಾತಿಗೆ ಒಂದು ಕಟ್ಟು ನೇಪಿಯರ್ ಬಹುಮಾನ.

ಬೋವಿಕ್ಕಾನದ ಹುಡುಗಿ · ಬೆಳಗ್ಗೆ 11.25

ಒಂದು ತಿದ್ದುಪಡಿ ಅಕ್ಕಾ. ಹೈನುಗಾರರಿಗೆ ಸಿಗುವ ಸಿಒ-3, ಸಿಒ-4, ಸಿಒ-5 ಇವೆಲ್ಲ ಶುದ್ಧ ನೇಪಿಯರ್ ಅಲ್ಲ. ಸಜ್ಜೆಗೂ ನೇಪಿಯರಿಗೂ ಸಂಕರ ಮಾಡಿ ಕೊಯಮತ್ತೂರಿನಲ್ಲಿ ತೆಗೆದದ್ದು. ಸಜ್ಜೆಯ ಕ್ರೋಮೋಸೋಮು 14, ನೇಪಿಯರಿನದು 28, ಮರಿಯದು 21. ಬೆಸ ಸಂಖ್ಯೆಯಾದ್ದರಿಂದ ಜೋಡಿ ಕೂಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಅದಕ್ಕೇ ನಿಮಗೆ ಬೀಜದ ಪೊಟ್ಟಣ ಕೊಡದೆ ಕಾಂಡದ ತುಂಡು ಕೊಡುವುದು. ಮುಂದಿನ ಸಲ ಲ್ಯಾಟಿನ್ ನೋಡಬೇಡಿ, ತಳಿಯ ನಂಬ್ರ ಕೇಳಿ. ಬೆಲೆ ಹೆಚ್ಚು ಕಡಿಮೆ ಆಗುವುದಿದ್ದರೆ ಅದರಿಂದ.

ಮಧೂರು ದಾರಿ · ಮಧ್ಯಾಹ್ನ 12.40

ಗಣಹೋಮಕ್ಕೆ ಗರಿಕೆ ಕೊಯ್ಯುವವ ನಾನು. ಮೂರು ಎಸಳು ಇರುವ ಚಿಗುರನ್ನೇ ಆರಿಸುತ್ತೇವೆ, ಹೂ ಬಂದದ್ದು ಬೇಡ. ಅದರ ಶಾಸ್ತ್ರೀಯ ಹೆಸರಿನ ಹಿಂದೆ ಬ್ರಾಕೆಟ್ಟು, ಚುಕ್ಕೆ, ಇನ್ನೊಬ್ಬರ ಹೆಸರು ಎಲ್ಲ ಇರುತ್ತದಲ್ಲ, ಅದು ಯಾರ ಗೋತ್ರ?

ನಿವೃತ್ತ ಮಾಸ್ಟ್ರು · ಮಧ್ಯಾಹ್ನ 2.30

ಊಟ ಮಾಡಿ ಬಂದೆ. ಭಟ್ರೇ, ಅದು ಗೋತ್ರ ಅಲ್ಲ, ಪೋಕುವರವು. ಜಾಗ ಮಾರಿದಾಗ ವಿಲೇಜ್ ಆಫೀಸಿನಲ್ಲಿ ಹಳೇ ಪಟ್ಟೆದಾರನ ಹೆಸರಿನಿಂದ ಹೊಸಬನ ಹೆಸರಿಗೆ ಬದಲಾಗುತ್ತದಲ್ಲ, ಅದೇ.

ಗರಿಕೆಯ ಪೂರ್ತಿ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್, ಆಮೇಲೆ ಬ್ರಾಕೆಟ್ಟಿನೊಳಗೆ 'ಎಲ್.', ಹೊರಗೆ 'ಪರ್ಸ್.' ಅಂತ ಉಂಟು. 'ಎಲ್.' ಅಂದರೆ ಲಿನೇಯಸ್. ಅವರು 1753ರಲ್ಲಿ ಇದನ್ನು ಪ್ಯಾನಿಕಮ್ ಎಂಬ ಕುಲಕ್ಕೆ ಸೇರಿಸಿ ಪ್ಯಾನಿಕಮ್ ಡ್ಯಾಕ್ಟಿಲಾನ್ ಅಂದಿದ್ದರು. 'ಪರ್ಸ್.' ಅಂದರೆ ಪರ್ಸೂನ್. 1805ರಲ್ಲಿ ಅವರು ಗರಿಕೆಯನ್ನು ಎತ್ತಿ ಸೈನೊಡಾನ್ ಕುಲಕ್ಕೆ ಇಟ್ಟರು. ಮನೆ ಬದಲಾಯಿತು, ಡ್ಯಾಕ್ಟಿಲಾನ್ ಎಂಬ ಸ್ವಂತ ಹೆಸರು ಬದಲಾಗಲಿಲ್ಲ. ಮೊದಲು ಹೆಸರಿಟ್ಟವರು ಬ್ರಾಕೆಟ್ಟಿನೊಳಗೆ ಉಳಿಯುತ್ತಾರೆ, ಸಾಗಿಸಿದವರು ಹೊರಗೆ. ಬ್ರಾಕೆಟ್ಟೇ ಇಲ್ಲ ಅಂದರೆ ಮೊದಲಿಟ್ಟ ಮನೆಯಲ್ಲೇ ಈಗಲೂ ಇದೆ ಅಂತ. ಭತ್ತ ನೋಡಿ, ಒರೈಜಾ ಸಟೈವಾ, ಹಿಂದೆ ಬರೇ ಒಂದು 'ಎಲ್.'. 1753ರಿಂದ ಒಂದು ಸಲವೂ ಪೋಕುವರವು ಮಾಡಿಸಬೇಕಾಗಿ ಬಂದಿಲ್ಲ. ರಾಗಿ ಹಾಗಲ್ಲ. ಲಿನೇಯಸ್ 1759ರಲ್ಲಿ ಸೈನೊಸೂರಸ್ ಕೊರಕಾನಸ್ ಅಂದರು, 1788ರಲ್ಲಿ ಗೇರ್ಟ್ನರ್ ಎಲ್ಯೂಸಿನ್ ಕೊರಕಾನ ಮಾಡಿದರು. ಆ 'ಕೊರಕಾನ' ಸಿಂಹಳದವರು ರಾಗಿಗೆ ಹೇಳುವ 'ಕುರಕ್ಕನ್'.

ಸೈನೊಡಾನ್ ಅಂದರೆ ನಾಯಿಹಲ್ಲು, ಡ್ಯಾಕ್ಟಿಲಾನ್ ಅಂದರೆ ಬೆರಳು. ಗರಿಕೆ ಹೂ ಬಿಟ್ಟಾಗ ಒಂದೇ ಬಿಂದುವಿನಿಂದ ನಾಲ್ಕೈದು ಬೆರಳು ಚಾಚಿದ ಹಾಗೆ ಕಾಣುತ್ತದೆ. ನೀವು ಹೂ ಬಂದದ್ದನ್ನು ಬಿಟ್ಟುಬಿಡುವುದರಿಂದ ಬೆರಳು ನೋಡಿರಲಿಕ್ಕಿಲ್ಲ.

ಮಧೂರು ದಾರಿ · ಮಧ್ಯಾಹ್ನ 2.50

ನೋಡಿದ್ದೇನೆ, ಲೆಕ್ಕ ಮಾಡಿರಲಿಲ್ಲ. ಗಣಪತಿಗೆ ನಾಯಿಹಲ್ಲು ಅರ್ಪಿಸುತ್ತಿದ್ದೇನೆ ಅಂತ ಯಜಮಾನರಿಗೆ ಹೇಳುವುದಿಲ್ಲ.

ಇನ್ನೊಂದು. ದರ್ಭೆಯೂ ಕುಶವೂ ಒಂದೇ ಎಂದು ಕೆಲವರು, ಬೇರೆ ಎಂದು ಕೆಲವರು. ಘಟ್ಟದ ಮೇಲಿನಿಂದ ತರಿಸಿದ ದರ್ಭೆಗೂ ನಮ್ಮಲ್ಲಿ ಗುಡ್ಡೆಯಿಂದ ಕೊಯ್ದದ್ದಕ್ಕೂ ಅಜಗಜಾಂತರ.

ಬೋವಿಕ್ಕಾನದ ಹುಡುಗಿ · ಮಧ್ಯಾಹ್ನ 3.15

ಆಯುರ್ವೇದದ ತೃಣಪಂಚಮೂಲದಲ್ಲಿ ಕುಶ, ಕಾಶ, ನಳ, ದರ್ಭ, ಕಬ್ಬಿನ ಜಾತಿ ಅಂತ ಐದು ಬೇರೆಬೇರೆ ಎಣಿಸಿದ್ದಾರೆ. ಕುಶ, ದರ್ಭ ಎರಡೂ ಒಂದೇ ಪಟ್ಟಿಯಲ್ಲಿ ಇರುವುದರಿಂದ ಆ ಕಾಲಕ್ಕಾದರೂ ಅವು ಬೇರೆ. ಬಯಲುಸೀಮೆಯಿಂದ ಬರುವ ದರ್ಭೆ ಸಾಮಾನ್ಯವಾಗಿ ಡೆಸ್ಮೊಸ್ಟಾಕಿಯಾ ಬೈಪಿನ್ನೇಟಾ, ಒರಟು, ಅಂಚು ಕೈ ಕೊಯ್ಯುತ್ತದೆ. ಕೇರಳದ ಕಡೆ ದರ್ಭೆ ಅಂತ ಹಲವರು ಬಳಸುವುದು ಇಂಪೆರಾಟಾ ಸಿಲಿಂಡ್ರಿಕಾ. ಬೆಳ್ಳಿಯ ಹಾಗೆ ಹೊಳೆಯುವ ಮೆತ್ತನೆ ತೆನೆ, ಬೆಂಕಿ ಬಿದ್ದ ಗುಡ್ಡೆಯಲ್ಲಿ ಮೊದಲು ಏಳುವುದು ಅದು. ಪವಿತ್ರ ಕಟ್ಟುವಾಗ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ ಯಾವುದು ಅಂತ. ಪಟ್ಟಿಯಲ್ಲಿ ಬರೀ 'ದರ್ಭೆ' ಅಂತ ಬರೆದರೆ ಓದುವವನಿಗೆ ಗೊತ್ತಾಗುವುದಿಲ್ಲ.

ಲಾವಂಚದ ಉತ್ತರ ಬಾಕಿ ಇತ್ತು. ಲಿನೇಯಸ್ 1771ರಲ್ಲಿ ಫಲಾರಿಸ್ ಅಂದರು. ಆಮೇಲೆ ತಮಿಳಿನ ವೆಟ್ಟಿವೇರಿನಿಂದಲೇ ವೆಟಿವೇರಿಯಾ ಎಂಬ ಕುಲ ಹುಟ್ಟಿತು, 1903ರಲ್ಲಿ ನ್ಯಾಶ್ ಅಲ್ಲಿಗೆ ಸೇರಿಸಿದರು. 1960ರಲ್ಲಿ ರೊಬೆರ್ಟಿ ಕ್ರೈಸೋಪೋಗನ್‌ಗೆ ಸಾಗಿಸಿದರು. ಆಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ, 1999ರಲ್ಲಿ ವೆಲ್ಡ್‌ಕಾಂಪ್ ಎರಡು ಕುಲಗಳನ್ನೂ ಒಂದು ಮಾಡಿದ ಮೇಲೆ ಅದೇ ನಿಂತಿತು. ಈಗ ಕ್ರೈಸೋಪೋಗನ್ ಜಿಜಾನಿಯೋಯಿಡಿಸ್ ಅಂತ ಬರೆದು, ಹಿಂದಿನ ಹೆಸರು ವೆಟಿವೇರಿಯಾ ಅಂತ ಪಕ್ಕದಲ್ಲಿ ಹಾಕಿ. ದಕ್ಷಿಣದ ಒಂದು ಮಾತು ಕುಲದ ಪಟ್ಟದಿಂದ ಇಳಿಯಿತಲ್ಲ ಅಂತ ನನಗೂ ಬೇಜಾರು. ಕ್ರೈಸೋಪೋಗನ್ ಅಂದರೆ ಚಿನ್ನದ ಗಡ್ಡ.

ಹೊಸಂಗಡಿ ಲೋಕಲ್ · ಮಧ್ಯಾಹ್ನ 3.22

ಮಜ್ಜಿಗೆ ಹುಲ್ಲು ಸಿಂಬೋಪೋಗನ್ ಅಂತ ಓದಿದ ನೆನಪು. ಅದರ 'ಪೋಗನ್' ಕೂಡ ಗಡ್ಡವಾ?

ಬೋವಿಕ್ಕಾನದ ಹುಡುಗಿ · ಮಧ್ಯಾಹ್ನ 3.26

ಹೌದು, ದೋಣಿಗಡ್ಡ. ಆಂಡ್ರೋಪೋಗನ್ ಗಂಡಸಿನ ಗಡ್ಡ, ಹೆಟೆರೋಪೋಗನ್ ಬೇರೆಬೇರೆ ಗಡ್ಡ. ಹುಲ್ಲಿನವರಿಗೆ ಗಡ್ಡದ ಮೇಲೆ ಅದೇನು ಪ್ರೀತಿಯೋ. ಕಾಳಿನ ತುದಿಯ ಮೀಸೆ, ಬುಡದ ಕೂದಲು ನೋಡಿಯೇ ಗುರುತಿಸಬೇಕಾದ್ದರಿಂದ ಇರಬೇಕು.

ಕುಂಬಳೆ ಹೊಳೆ · ಸಂಜೆ 4.40

ತಮಿಳಿನ ಮಾತು ಇಳಿದರೂ ನಮ್ಮದು ಎರಡು ಗಟ್ಟಿ ಇವೆ. ಒಂದು ಅಡಿಕೆ. ಮಾಸ್ಟ್ರು ಹೇಳಿದ ಅರೆಕೇಸಿ ಬಂದದ್ದು ಅರೆಕಾದಿಂದ, ಅರೆಕಾ ಬಂದದ್ದು ಪೋರ್ಚುಗೀಸರ ಬಾಯಿಯಲ್ಲಿ ಸಿಕ್ಕಿದ ನಮ್ಮ ಅಡಿಕೆಯಿಂದ. ಎರಡನೆಯದು ಬಿದಿರು. ಇಂಗ್ಲಿಷಿನವರ ಬ್ಯಾಂಬೂ ನಮ್ಮ ಬೊಂಬು. ಬಿದಿರು ಹುಲ್ಲಿನ ಕುಟುಂಬವೇ ಅಲ್ಲವಾ?

ಗಡಿಯಾಚೆ ಈಚೆ · ಸಂಜೆ 4.55

ನಾನು ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಕಲಿತವ. ಅಡಿಕೆಗೆ ಮಲಯಾಳದಲ್ಲಿ 'ಅಡಯ್ಕ'. ನಿಘಂಟುಗಳಲ್ಲಿ ಅರೆಕಾದ ಮೂಲ ಅಂತ ಸಾಮಾನ್ಯವಾಗಿ ಕೊಡುವುದು ಅದನ್ನೇ. ನಮ್ಮ ತೋಟದಲ್ಲಿ ಒಂದೇ ಮರಕ್ಕೆ ಅಮ್ಮ ಅಡಯ್ಕ ಅನ್ನುತ್ತಾರೆ, ಮದ್ದು ಬಿಡಲು ಹತ್ತುವವ ತುಳುವಿನಲ್ಲಿ ಕಂಗ್ ಅನ್ನುತ್ತಾನೆ, ನಾನು ಅಡಿಕೆ ಅನ್ನುತ್ತೇನೆ. ಮರ ಯಾರಿಗೂ ಕಾಯಿ ಕಡಿಮೆ ಮಾಡಿಲ್ಲ.

ನಿವೃತ್ತ ಮಾಸ್ಟ್ರು · ಸಂಜೆ 5.30

ಬಿದಿರು ಹುಲ್ಲೇ. ಹುಲ್ಲಿನ ಕುಟುಂಬದಲ್ಲಿ ಸುಮಾರು 780 ಕುಲ, ಹತ್ತಿರಹತ್ತಿರ 12,000 ಪ್ರಭೇದ. ಅದನ್ನು ಈಗ ಹನ್ನೆರಡು ಉಪಕುಟುಂಬ ಮಾಡಿದ್ದಾರೆ, ಬಿದಿರಿಗೆ ಅದರಲ್ಲೊಂದು. ಭತ್ತದ ಉಪಕುಟುಂಬ ಅದಕ್ಕೆ ಹತ್ತಿರದ್ದು. ಬಿದಿರು ಹೂ ಬಿಟ್ಟು ಸಾಯುವಾಗ ಉದುರುವ ಬಿದಿರಕ್ಕಿ ತಿಂದವರಿಗೆ ಈ ನೆಂಟಸ್ತಿಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮರಕೋಶದಲ್ಲಿ ಬಿದಿರಿಗೆ ತೃಣಧ್ವಜ ಎಂಬ ಹೆಸರುಂಟು, ಹುಲ್ಲಿನ ಬಾವುಟ. ನಮ್ಮ ಅರಣ್ಯ ಕಾನೂನಿಗೆ ಮಾತ್ರ ಇದು ತಿಳಿಯಲು ತಡವಾಯಿತು. 1927ರ ಕಾಯ್ದೆಯಲ್ಲಿ 'ಮರ' ಎಂಬುದರೊಳಗೆ ಬಿದಿರನ್ನೂ ಸೇರಿಸಿದ್ದರು. 2017ರಲ್ಲಿ ಆ ಮಾತು ತೆಗೆದರು. ಅಲ್ಲಿಯವರೆಗೆ ಸ್ವಂತ ಜಾಗದ ಬಿದಿರು ಕಡಿದು ಸಾಗಿಸಲಿಕ್ಕೂ ಮರದ ಪರ್ಮಿಟ್ಟು ಬೇಕಿತ್ತು.

ಬೊಂಬಿನ ವಿಷಯ: ವಿಲ್ಸನ್ ಎಂಬವರ 1855ರ ಪದಕೋಶ ಅದನ್ನು ಕನ್ನಡ ಅಂದಿದೆ. ಮಾರ್ಸ್‌ಡೆನ್ ತಮ್ಮ ಮಲಯ ನಿಘಂಟಿನಲ್ಲಿ ಮಲಯ ಭಾಷೆಯದ್ದು ಅಂತ ಹಾಕಿದ್ದಾರೆ. 1886ರ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಇಬ್ಬರದ್ದನ್ನೂ ಎದುರಿಗಿಟ್ಟು, ಈ ಪದದ ಮೂಲ ತೀರಾ ಅಸ್ಪಷ್ಟ ಅಂತ ಬಿಟ್ಟರು. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ಅವರೇ ತೀರ್ಪು ಕೊಡದ ಕೇಸು ಇದು. ಕುಂಬಳೆಯವರು ಅಪೀಲು ಹೋಗಬಹುದು.

ಲಿನೇಯಸ್ ಬಿದಿರಿಗೆ ಅರುಂಡೋ ಬ್ಯಾಂಬೋಸ್ ಅಂತ ಹೆಸರಿಟ್ಟಾಗ ನೋಡಿಕೊಂಡ ಚಿತ್ರಗಳಲ್ಲಿ ಒಂದು ಹಾರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥದ್ದು. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹನ್ನೆರಡು ಸಂಪುಟ. ಡಚ್ಚರ ವಾನ್ ರೀಡೆಗೆ ಇಟ್ಟಿ ಅಚ್ಯುದನ್ ವೈದ್ಯರೂ, ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಇವರೂ ಹೇಳಿ ಬರೆಸಿದ್ದು. 1753ಕ್ಕಿಂತ ಹಿಂದಿನದಾದ್ದರಿಂದ ಅದರ ಹೆಸರುಗಳಿಗೆ ಕಾನೂನಿನ ಬೆಲೆ ಇಲ್ಲ, ಚಿತ್ರಗಳಿಗೆ ಉಂಟು.

ಸುಗ್ಗಿ ಗದ್ದೆ · ಸಂಜೆ 6.45

ಪದವಿನಂಚು ತಮ್ಮಾ, ನೀನು ಹಾಕಿದ ಫೋಟೋ ಈಗ ನೋಡಿದೆ. ಆರನೇ ಹಾಳೆ ಮತ್ತು ಹನ್ನೊಂದನೇ ಹಾಳೆ ಹುಲ್ಲಲ್ಲ. ದಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ನೋಡು. ಕಟಕಟ ಅಂತ ಮೂರು ಮೂಲೆ ಸಿಗುತ್ತದೆ. ಆರನೆಯದು ನಮ್ಮ ತುಂಗೆ, ಬುಡ ಕಿತ್ತರೆ ಪರಿಮಳದ ಗಡ್ಡೆ ಬರುತ್ತದೆ.

ಬೋವಿಕ್ಕಾನದ ಹುಡುಗಿ · ಸಂಜೆ 6.58

ಅಣ್ಣ ಹೇಳಿದ್ದು ಸರಿ, ಎರಡೂ ಸೈಪರೇಸಿ ಕುಟುಂಬ. ಹುಲ್ಲಿನ ದಂಟು ಸಾಮಾನ್ಯವಾಗಿ ಉರುಟು, ಗೆಣ್ಣುಗಳ ನಡುವೆ ಪೊಳ್ಳು, ಎಲೆ ಎರಡು ಸಾಲು. ತುಂಗೆಯವರದ್ದು ಮೂಲೆ ಇರುವ ಗಟ್ಟಿ ದಂಟು, ಎಲೆ ಮೂರು ಸಾಲು. ಹಾಗಾಗಿ ಪಟ್ಟಿ ಹನ್ನೆರಡಕ್ಕೆ ಇಳಿಯಿತು.

ಪದವಿನಂಚು · ರಾತ್ರಿ 8.10

ಹೊರಳಿಸಿ ನೋಡಿದೆ. ಮೂಲೆ ಸಿಕ್ಕಿತು. ಎರಡು ವಾರದಲ್ಲಿ ಇದೊಂದು ಮಾಡಿರಲಿಲ್ಲ ನಾನು.

ಮುಳಿಯ ಕಥೆ ಹೇಳಬೇಕು. ಮೂರನೇ ಹಾಳೆಗೂ ಎಂಟನೇ ಹಾಳೆಗೂ ನನಗೆ ಹೇಳಿದವರು ಮುಳಿ ಅಂತಲೇ ಹೇಳಿದ್ದು. ಇವತ್ತು ಅಜ್ಜಿಗೆ ಎರಡೂ ತೋರಿಸಿದೆ. ಮೂರನೆಯದರ ತೆನೆಯಲ್ಲಿ ಉದ್ದ ಕಂದು ಮೀಸೆಗಳು ಒಂದಕ್ಕೊಂದು ಜಡೆಯ ಹಾಗೆ ಹೆಣೆದುಕೊಂಡಿವೆ. ಗುಡ್ಡೆ ದಾಟಿದರೆ ಪಂಚೆಗೆ ಚುಚ್ಚಿ ಒಳಗೆ ಹೋಗುವುದು ಇದೇ. ಎಂಟನೆಯದರಲ್ಲಿ ಆ ಮೀಸೆ ಇಲ್ಲ. ಅಜ್ಜಿ ಎರಡನ್ನೂ ಮುಟ್ಟಿ, "ಎರಡುದೇ ಮುಳಿಯೇ. ಮಾಡಿಂಗೆ ಹೊದೆಶುಲೆ ಆವ್ತ ಉದ್ದ ಹುಲ್ಲು ಎಲ್ಲ ಮುಳಿ. ಕಾಳು ಉದುರಿದ ಮತ್ತೆ ಕೊಯ್ಯೆಕ್ಕು" ಅಂದರು. ಹಂಚು ಬರುವ ಮೊದಲು ನಮ್ಮ ಮನೆಗೂ ಮುಳಿಯದ್ದೇ ಮಾಡು, ವರ್ಷವರ್ಷ ಹೊದಿಸಬೇಕಿತ್ತಂತೆ. ಆ ಗುಡ್ಡೆ ಈಗ ಮುಕ್ಕಾಲು ರಬ್ಬರು, ಗೇರು.

ಬೋವಿಕ್ಕಾನದ ಹುಡುಗಿ · ರಾತ್ರಿ 8.25

ಮೂರನೆಯದು ಹೆಟೆರೋಪೋಗನ್ ಕಂಟಾರ್ಟಸ್. ಕಂಟಾರ್ಟಸ್ ಅಂದರೆ ತಿರುಚಿದ್ದು. ಒಂದು ಮೀಸೆ ಬಿಡಿಸಿ ಒದ್ದೆ ಅಂಗೈ ಮೇಲೆ ಇಟ್ಟು ನೋಡಿ.

ಅಜ್ಜಿ ಹೇಳಿದ್ದು ಬಹಳ ಮುಖ್ಯ. ಮುಳಿ ಎನ್ನುವುದು ಕೆಲಸದ ಹೆಸರು. ಮಾಡಿಗೆ ಆಗುವುದೆಲ್ಲ ಮುಳಿ, ಹಾಗಾಗಿ ಅದಕ್ಕೆ ಒಂದೇ ಸಸ್ಯನಾಮ ಹುಡುಕಿದರೆ ಸಿಗುವುದಿಲ್ಲ. ಎರಡು ಹಾಳೆಯಲ್ಲೂ ಊರಿನ ಹೆಸರು 'ಮುಳಿ' ಅಂತ ಬರೆದು, ಅಜ್ಜಿಯ ಮಾತನ್ನು ಪೂರ್ತಿ ಹಾಕಿ. ಎಂಟನೆಯದನ್ನು ಫೋಟೋದಲ್ಲಿ ಹೇಳಲಾರೆ, ಕಾಳಿನ ಹೊಟ್ಟು ಬಿಡಿಸಿ ನೋಡಬೇಕು.

ಪದವಿನಂಚು · ರಾತ್ರಿ 8.50

ಅಂಗೈಗೆ ನೀರು ಮುಟ್ಟಿಸಿ ಇಟ್ಟೆ. ಮೊದಲು ಸುಮ್ಮನಿತ್ತು. ಆಮೇಲೆ ಮೊಣಕೈ ಹಾಗೆ ಬಾಗಿದ ತುದಿ ಮೆಲ್ಲ ತಿರುಗಲು ಶುರುಮಾಡಿತು, ಗಡಿಯಾರದ ಮುಳ್ಳಿನ ಹಾಗೆ, ಕಣ್ಣಿಗೆ ಕಾಣುವಷ್ಟು ಬೇಗ. ತಂಗಿ ಹೆದರಿ ಕೈ ಹಿಂದೆ ತೆಗೆದಳು. ಅಜ್ಜಿ ನಕ್ಕರು, ಸಣ್ಣದರಲ್ಲಿ ಅವರು ಇದನ್ನು ಆಟ ಆಡುತ್ತಿದ್ದರಂತೆ.

ನಿವೃತ್ತ ಮಾಸ್ಟ್ರು · ರಾತ್ರಿ 9.05

ಒದ್ದೆಯಾದಾಗ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಹೊಸೆಯುತ್ತದೆ. ಇಬ್ಬನಿ, ಬಿಸಿಲು, ಇಬ್ಬನಿ, ಬಿಸಿಲು. ಹಾಗೇ ಕಾಳು ಮಣ್ಣೊಳಗೆ ತಿರುಪಿನ ಮೊಳೆಯಂತೆ ಇಳಿಯುತ್ತದೆ. ನಿಮ್ಮ ಪಂಚೆಯೊಳಗೂ.

ಲೇಬಲ್ಲಿನ ಬಗ್ಗೆ ಒಂದು ಮಾತು. ಹಾಳೆಗೆ 'ಕಾಸರಗೋಡು ಜಿಲ್ಲೆ' ಅಂತ ಮಾತ್ರ ಬರೆದು ಬಿಡಬೇಡಿ. ಗ್ಯಾಂಬಲ್ ಶುರು ಮಾಡಿ ಫಿಶರ್ ಮುಗಿಸಿದ ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಗ್ರಂಥ ನೋಡಿದರೆ ನಮ್ಮೂರಿನ ಹುಲ್ಲೆಲ್ಲ 'ಸೌತ್ ಕೆನರಾ' ಅಂತ ಇರುತ್ತದೆ. 1956ರ ನವೆಂಬರಿನಲ್ಲಿ ನಾವು ಕೇರಳಕ್ಕೆ ಬಂದೆವು, ಆಮೇಲೆ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಗುಡ್ಡೆ ಅಲ್ಲೇ ಕೂತಿದೆ, ವಿಳಾಸ ಮೂರು ಸಲ ಬದಲಾಯಿತು. ಅಕ್ಷಾಂಶ ರೇಖಾಂಶ ಬರೆಯಿರಿ, ಗುಡ್ಡೆಯ ಹೆಸರು ಬರೆಯಿರಿ, ತಾರೀಕು ಬರೆಯಿರಿ. ಸಸ್ಯನಾಮ ಪೆನ್ಸಿಲಿನಲ್ಲಿ ಬರೆದರೂ ಆದೀತು.

ಹಟ್ಟಿಬಾಗಿಲು · ರಾತ್ರಿ 9.20

ಮಾಸ್ಟ್ರೇ, ಅಂಗಡಿಯವರಿಗೂ ಇದನ್ನೇ ಹೇಳಿ. ಹೆಸರು ಪೆನ್ಸಿಲಿನಲ್ಲಿ, ಬೆಲೆ ಪೆನ್ನಿನಲ್ಲಿ.

ಸುಗ್ಗಿ ಗದ್ದೆ · ರಾತ್ರಿ 9.40

ತಮ್ಮನ ಹದಿಮೂರನೇ ಹಾಳೆ ಯಾರೂ ನೋಡಲಿಲ್ಲವಾ? 'ಕಾಡು ಭತ್ತ' ಅಂತ ಬರೆದಿದ್ದಾನೆ. ನನಗೆ ಸಂಶಯ. ನನ್ನ ನೇಜಿಯಲ್ಲೂ (ಭತ್ತದ ಸಸಿಯಲ್ಲೂ) ಅಂಥದ್ದೇ ಒಂದು ಕಳ್ಳ ಉಂಟು, ಭತ್ತದ ಹಾಗೇ ನಿಂತಿರುತ್ತದೆ, ನಟ್ಟಿ ಮಾಡುವ ಹೆಂಗಸರು ಮಾತ್ರ ಹಿಡಿಯುತ್ತಾರೆ. ಎಲೆ ದಂಟಿಗೆ ಸೇರುವ ಜಾಗ ಬಗ್ಗಿಸಿ ನೋಡಬೇಕು. ಭತ್ತವಾದರೆ ಅಲ್ಲಿ ಬಿಳಿ ಪೊರೆಯ ನಾಲಿಗೆ ಎದ್ದಿರುತ್ತದೆ, ಪಕ್ಕದಲ್ಲಿ ಎರಡು ಸಣ್ಣ ಕಿವಿ. ಕಳ್ಳನಿಗೆ ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ, ಬೋಳು.

ಬೋವಿಕ್ಕಾನದ ಹುಡುಗಿ · ರಾತ್ರಿ 9.48

ಆ ಕಳ್ಳ ಎಕಿನೊಕ್ಲೋವಾ. ಊದಲಿನ ಹತ್ತಿರದ ನೆಂಟ. ಪುಸ್ತಕಗಳಲ್ಲೂ ಅದನ್ನು ಗುರುತಿಸುವುದು ನಾಲಿಗೆ ಇಲ್ಲ ಎಂಬುದರಿಂದಲೇ, ಅಣ್ಣಾ.

ಪದವಿನಂಚು · ರಾತ್ರಿ 10.05

ಟಾರ್ಚು ಹಿಡಿದು ಹದಿಮೂರನೇ ಹಾಳೆ ಬಿಚ್ಚಿದೆ. ಬೋಳು. ಒಣಗಿ ಉದುರಿತೋ, ಮೊದಲೇ ಇರಲಿಲ್ಲವೋ ತಿಳಿಯುವುದಿಲ್ಲ. ಹಸಿಯದ್ದು ಬೇಕು.

ಸುಗ್ಗಿ ಗದ್ದೆ · ರಾತ್ರಿ 10.12

ನಾಳೆ ಏಳು ಗಂಟೆಗೆ ಗದ್ದೆಗೆ ಬಾ. ಹೇಗೂ ನೇಜಿಯ ಕಳೆ ಕೀಳಲಿಕ್ಕೆ ಉಂಟು. ನೀನು ಒಂದೊಂದೇ ನಾಲಿಗೆ ನೋಡಿ ಕಿತ್ತರೆ ನನಗೆ ಅರ್ಧ ಆಳಿನ ಕೆಲಸ ಆದೀತು. ಲೆನ್ಸು ಇದ್ದರೆ ತಾ. ಚಾ ಇಲ್ಲಿ ಮಾಡುತ್ತೇವೆ.